ಒಬ್ಬನ ಲೆಕ್ಕಕ್ಕೆ ತಗ್ಗಿಸಿದ ಕಾರು

ಕಾರನ್ನು ತಗ್ಗಿಸಿದ್ದು ನಾನು ಬಾಣಂತನಕ್ಕೆಂದು ಅಂಚೆಟ್ಟಿ ಕಡೆಯ ತವರಿನಲ್ಲಿದ್ದಾಗ. ನನ್ನ ಗಂಡ ನನ್ನನ್ನು ಕೇಳಿ ಆ ಕೆಲಸ ಮಾಡಲಿಲ್ಲ. ಕೇಳಿದ್ದರೆ ನಾನು ಏನು ಹೇಳುತ್ತಿದ್ದೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ಬೆಂಗಳೂರಿನಲ್ಲಿ ಯಾರೋ ಆಸೆ ತೀರುವಷ್ಟು ಓಡಿಸಿ ಮಾರಿದ, ಎರಡೇ ಬಾಗಿಲಿನ ಹಳೆಯ ಸ್ಪೋರ್ಟ್ಸ್ ಕಾರು ಅದು. ಹಿಂದೆಯೂ ಒಂದು ಸೀಟು ಇದೆ ಅನ್ನುತ್ತಾರೆ. ಅಲ್ಲಿ ಕೂತವರು ಮೊಣಕಾಲನ್ನು ಗಲ್ಲಕ್ಕೆ ಆನಿಸಿಕೊಂಡೇ ಕೂರಬೇಕು.

ನಾನು ತವರಿನಿಂದ ಮಗುವಿನ ವಿಡಿಯೊ ಕಳಿಸಿದರೆ ಅವರಿಂದ ಚಕ್ರದ ಫೋಟೊ ಬರುತ್ತಿತ್ತು. ಮಗು ಮೊದಲ ಸಲ ಮಗ್ಗುಲಾದ ದಿನ ಬಂದದ್ದು ಹಿಂದಿನ ಚಕ್ರದ್ದು. ಟಯರಿನ ನೆತ್ತಿ ಮಡ್‌ಗಾರ್ಡಿನೊಳಗೆ ಹೋಗಿ ಸೇರಿಕೊಂಡಿತ್ತು. ಬೇರೆ ಸ್ಪ್ರಿಂಗ್ ಹಾಕಿಸಿ ಕಾರನ್ನು ನೆಲಕ್ಕೆ ಹತ್ತಿರ ತಂದರೆ ತಿರುವಿನಲ್ಲಿ ವಾಲುವುದಿಲ್ಲವಂತೆ, ನೋಡುವುದಕ್ಕೂ ಲಕ್ಷಣವಂತೆ. ಟಯರು ತಾಗಬಾರದೆಂದು ಮಡ್‌ಗಾರ್ಡಿನ ಒಳಅಂಚನ್ನು ಬಿಸಿ ಮಾಡಿ ಮಡಚಿಸಿದ್ದರಂತೆ. ಇದನ್ನೆಲ್ಲ ಉದ್ದಕ್ಕೆ ಬರೆದಿದ್ದರು. ನಾನು ಫೋನನ್ನು ಮಗುಚಿಟ್ಟು ಮಗುವಿಗೆ ಹಾಲು ಕುಡಿಸಿದೆ.

ಹೊಸೂರಿನ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ತಪಾಸಣೆ ಮಾಡುವುದು ನನ್ನ ಕೆಲಸ. ಸಣ್ಣ ಗೀರಿದ್ದರೂ ಎತ್ತಿ ಕೆಂಪು ಡಬ್ಬಕ್ಕೆ ಹಾಕುತ್ತೇನೆ. ಮನುಷ್ಯರನ್ನು ಹಾಗೆ ಹಾಕಬಾರದು ಎಂದು ಅಮ್ಮ ಹೇಳುತ್ತಲೇ ಇರುತ್ತಾಳೆ. ಆದರೂ ಆ ತಿಂಗಳುಗಳಲ್ಲಿ ನನ್ನ ಮನಸ್ಸು ಕೆಟ್ಟಿತ್ತು. ಈ ಮನುಷ್ಯನ ಬದುಕಿನಲ್ಲಿ ನನಗೂ ಮಗುವಿಗೂ ಜಾಗವಿದೆಯೇ ಅನ್ನುವುದೇ ಗೊತ್ತಾಗುತ್ತಿರಲಿಲ್ಲ. ಗಂಡನ ಮನೆಗೆ ಹೋಗುವುದಿಲ್ಲ ಎಂದು ಅಮ್ಮನಿಗೆ ಹೇಳಿಯೂಬಿಟ್ಟೆ.

ಅಮ್ಮ ಬಯ್ಯಲಿಲ್ಲ. ರಾಗಿ ಮೂಟೆಯ ಬಾಯಿ ಹೊಲಿಯುತ್ತ ಕೂತಿದ್ದವಳು ಸೂಜಿ ನಿಲ್ಲಿಸಿದಳು. "ಈ ಮೂಟೆ ರಾಗಿ ಮುಗಿಯೋಗಂಟ ಅಲ್ಲಿದ್ ನೋಡು ಮಗ. ಮುಗುದ್ ಮೇಲೂ ಹಿಂಗೇ ಅನ್ನಿಸ್ತಿದ್ರೆ ಬಂದ್ಬುಡು. ನಾನೇನೂ ಅನ್ನಲ್ಲ."

ನಾನು ಒಪ್ಪಿಕೊಂಡೆ. ಈ ಮಾತು ನಮ್ಮಿಬ್ಬರಲ್ಲೇ ಉಳಿಯಿತು.

ಕರೆದೊಯ್ಯಲು ಅವರು ಅದೇ ಕಾರಿನಲ್ಲಿ ಬಂದರು. ಮೂಟೆ ನೋಡಿದ್ದೇ ಮುಖ ಸಣ್ಣದಾಯಿತು.

"ಅತ್ತೆ, ಇದನ್ನ ಆಮೇಲೆ ಬಸ್ಸಲ್ಲಿ ತಗೊಂಡೋಗ್ತೀನಿ."

"ಬಾಣಂತಿ ತವರಿಂದ ಬರಿಗೈಲಿ ಹೋಗ್ಬಾರ್ದಪ್ಪ," ಎಂದು ಅಮ್ಮ ಮೂಟೆಯ ಒಂದು ಮೂಲೆ ಹಿಡಿದೇ ಬಿಟ್ಟಳು. ಅದರ ಮೇಲೆ ಎರಡು ಕುಂಬಳಕಾಯಿ, ತೆಂಗಿನಕಾಯಿ, ಹುರುಳಿ ಗಂಟು. ಡಿಕ್ಕಿ ಬಲವಂತಕ್ಕೆ ಮುಚ್ಚಿಕೊಂಡಿತು.

ಬಾಣಂತಿಯನ್ನೂ ಮಗುವನ್ನೂ ಬಿಟ್ಟುಬರಲು ಅವಳ ತಾಯಿ ಜೊತೆಗೆ ಹೋಗುವುದು ನಮ್ಮಲ್ಲಿ ವಾಡಿಕೆ. ಅಮ್ಮನಿಗೆ ಮುಂದಿನ ಸೀಟಿನ ಬಾಗಿಲು ತೆಗೆದು ಅವರು ನಿಂತುಕೊಂಡರು. ಅಳಿಯನ ಪಕ್ಕ ಸರಿಸಮಕ್ಕೆ ಕೂರುವುದುಂಟೇ ಎಂದು ಅಮ್ಮ ಸೆರಗು ಎಳೆದುಕೊಂಡು, ಆ ಹಿಂದಿನ ಗೂಡಿನೊಳಕ್ಕೆ ತಲೆ ಬಗ್ಗಿಸಿ ನುಗ್ಗಿದಳು. ಮಗುವನ್ನು ಎತ್ತಿಕೊಂಡು ನಾನೂ ಹಿಂದೆಯೇ ತೂರಿಕೊಂಡೆ. ಮುಂದಿನ ಸೀಟಿನಲ್ಲಿ ಮಗುವಿನ ಬಟ್ಟೆಯ ಚೀಲವೊಂದೇ ಹಾಯಾಗಿ ಕೂತಿತು.

ಊರು ದಾಟುವ ಮೊದಲೇ ರಸ್ತೆ ಉಬ್ಬಿನಲ್ಲಿ ಕರಕರ ಎಂದಿತು. "ಏನಿಲ್ಲ ಏನಿಲ್ಲ," ಅಂದರು. ದೇಂಕನಿಕೋಟೆಯ ಕಡೆಗೆ ಘಾಟಿ ಹತ್ತಲು ಶುರುವಾದ ಮೇಲೆ ಏನಿಲ್ಲ ಅನ್ನಲೂ ಆಗಲಿಲ್ಲ. ಒಂದೊಂದು ತಿರುವಿಗೂ ನನ್ನ ಸೊಂಟದ ಪಕ್ಕದಲ್ಲೇ ಟಯರು ತಗಡಿಗೆ ಉಜ್ಜುತ್ತಿತ್ತು. ಮಗು ಬೆಚ್ಚಿ ಎದ್ದು ಅಳತೊಡಗಿತು. ಸುಟ್ಟ ರಬ್ಬರಿನ ವಾಸನೆ ಒಳಗೆ ಬಂತು. ಈ ಟಯರು ಈಗ ಒಡೆದರೆ ಗತಿಯೇನು ಎಂದು ನನಗೆ ನಿಜವಾಗಿ ಭಯವಾಯಿತು.

ಅಗಲವಾದ ಒಂದು ಕಡೆ ನಿಲ್ಲಿಸಿ ಅವರು ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತರು. ನಾನೂ ಇಳಿದು ನೋಡಿದೆ. ಟಯರಿನ ಹೊರಅಂಚು ಸವೆದು ಮಡ್‌ಗಾರ್ಡಿನ ಒಳಗೆಲ್ಲ ಕಪ್ಪು ಪುಡಿ ಮೆತ್ತಿಕೊಂಡಿತ್ತು. ನಡುವೆ ಉಗುರು ತೂರಿಸುವಷ್ಟೂ ಜಾಗವಿರಲಿಲ್ಲ. ಹಿಂದಿನ ಭಾರ ಕಡಿಮೆಯಾಗಲಿ ಎಂದು ನಾನು ಮಗುವಿನೊಂದಿಗೆ ಮುಂದಿನ ಸೀಟಿಗೆ ಬಂದೆ. ಮುಂದಿನ ತಿರುವಿನಲ್ಲಿ ಮತ್ತೆ ಅದೇ ಸದ್ದು.

"ಮೂಟೆ ಇಲ್ಲೇ ಯಾರ್ದಾದ್ರೂ ಮನೇಲಿ ಇಟ್ಟೋಗಾನ. ನಾಳೆ ಬಂದ್ ತಗೊಂಡೋಗ್ತೀನಿ," ಅಂದರು.

"ತವರಿಂದ ಏರ್ಸಿದ್ದನ್ನ ದಾರೀಲಿ ಇಳಿಸ್ಬಾರ್ದಪ್ಪ," ಅಂದಳು ಅಮ್ಮ. ಅವಳ ದನಿ ಸಣ್ಣದಾಗಿತ್ತು. "ಬೇಕಾದ್ರೆ ನಾನೇ ಇಳೀತೀನಿ."

ಅವರು ಕಾರು ನಿಲ್ಲಿಸಿ ಇಳಿದು ಸೀಟು ಬಗ್ಗಿಸಿದ್ದೇ ಅಮ್ಮ ಹೊರಬಿದ್ದು ನಡೆದೇಬಿಟ್ಟಳು. ಅವಳನ್ನು ಒಬ್ಬಳೇ ಹೇಗೆ ಬಿಡಲಿ? ನಾನೂ ಮಗುವನ್ನು ಹೆಗಲಿಗೆ ಹಾಕಿಕೊಂಡು ಇಳಿದೆ. ರಾಗಿ, ಕುಂಬಳಕಾಯಿ, ಹುರುಳಿ ಎಲ್ಲ ಕಾರಿನಲ್ಲಿ ಕೂತು ಘಾಟಿ ಹತ್ತಿದವು. ಬಾಣಂತಿ, ಮೊಣಕಾಲು ನೋವಿನ ಅಜ್ಜಿ, ಕೂಸು, ನಾವು ಮೂವರು ನಡೆದುಕೊಂಡು ಹತ್ತಿದೆವು. ಎದುರಿಗೆ ಬಂದ ಜೀಪಿನವರು ನಿಧಾನ ಮಾಡಿ ನಮ್ಮನ್ನು ನೋಡಿದರು. ನನಗೆ ನಾಚಿಕೆಯಾಗಲಿಲ್ಲ, ಸಿಟ್ಟಿಗೆ ಮೈಯೆಲ್ಲ ಉರಿಯುತ್ತಿತ್ತು.

ಮೇಲೆ ಟೀ ಅಂಗಡಿಯ ಮುಂದೆ ಅವರು ಕಾಯುತ್ತಿದ್ದರು. ನಾನು ಉಸಿರು ಸುಧಾರಿಸಿಕೊಂಡು ಕೇಳಿದೆ.

"ಇದನ್ನ ತಗ್ಗಿಸ್ದಾಗ ಎಷ್ಟ್ ಜನಕ್ಕೆ ಅಂತ ತಗ್ಗಿಸಿದ್ರಿ?"

ಸುಳ್ಳು ಹೇಳುವುದು ಅವರಿಗೆ ಬರುವುದಿಲ್ಲ, ಅದೊಂದು ಗುಣವಿದೆ. "ಓಡ್ಸೋರು ಒಳಗ್ ಕೂತಿದ್ರೆ ಅಳತೆ ಸರಿ ಸಿಕ್ತದೆ ಅಂದ್ರು. ಕೂತ್ಕೊಂಡೆ. ಯಾವಾಗ್ಲೂ ಎಷ್ಟ್ ಜನ ಓಡಾಡ್ತೀರ ಅಂತ್ಲೂ ಕೇಳಿದ್ರು."

"ಏನಂದ್ರಿ?"

"ಒಬ್ನೇ ಅಂದೆ."

ಅವರು ಹಾಗೆ ಅಂದದ್ದು ಮಗು ಮಗ್ಗುಲಾದ ದಿನ. ನಾನೂ ಮಗುವೂ ಈ ಭೂಮಿಯ ಮೇಲೆಯೇ ಇದ್ದೆವು. ನನಗೆ ಅಳು ಬಂತು, ಅಂಗಡಿಯವರ ಮುಂದೆ ಅಳಬಾರದೆಂದು ನುಂಗಿಕೊಂಡೆ. ಹೊಸೂರಿನ ಬಸ್ಸು ಬಂದಾಗ ಅಮ್ಮನ ಕೈ ಹಿಡಿದು ಹತ್ತಿದೆ. ಕಾರು ದಾರಿಯುದ್ದಕ್ಕೂ ಬಸ್ಸಿನ ಹಿಂದೆಯೇ ಬಂತು, ಒಮ್ಮೆಯೂ ಮುಂದೆ ಹೋಗಲಿಲ್ಲ.

ಮೂಕಂಡಪಲ್ಲಿಯ ಮನೆಯಲ್ಲಿ ಮೂಟೆ ಅಡುಗೆಮನೆಯ ಮೂಲೆಗೆ ಸೇರಿತು. ಅಮ್ಮ ಊರಿಗೆ ಮರಳಿದಳು. ನಾನು ಎರಡು ಹೊತ್ತೂ ಮುದ್ದೆ ತಿರುವಿದೆ. ಸಿಟ್ಟು ಬಂದ ದಿನ ಮುದ್ದೆ ದೊಡ್ಡದಾಗುತ್ತಿತ್ತು, ರಾಗಿ ಬೇಗ ಮುಗಿಯಲಿ ಎಂದು. ಅವರು ಇದೊಂದೂ ತಿಳಿಯದೆ ಚಪ್ಪರಿಸಿ ಉಣ್ಣುತ್ತಿದ್ದರು. ಮಗುವನ್ನು ಎತ್ತಿಕೊಳ್ಳುತ್ತಿದ್ದರು, ಆಡಿಸುತ್ತಿದ್ದರು, ಇಲ್ಲವೆನ್ನಲಾರೆ. ಆದರೆ ಆ 'ಒಬ್ನೇ' ಅನ್ನುವ ಮಾತು ನನ್ನ ಕಿವಿಯಿಂದ ಇಳಿಯಲಿಲ್ಲ. ಮಿಲ್ಲಿಗೆ ಒಯ್ದ ಹಾಗೆಲ್ಲ ಮೂಟೆ ಕುಗ್ಗಿತು, ಅರ್ಧಕ್ಕಿಂತ ಕೆಳಗೆ ಬಂತು. ಅಮ್ಮ ಫೋನು ಮಾಡಿದಾಗಲೆಲ್ಲ ಕೊನೆಗೆ "ರಾಗಿ ಎಷ್ಟೈತೆ?" ಎಂದು ಕೇಳುತ್ತಿದ್ದಳು.

ಒಂದು ರಜದ ದಿನ ಅವರು ಬೆಳಿಗ್ಗೆಯೇ ಸ್ನಾನ ಮಾಡಿ ಬಂದು ನಿಂತರು. "ವರ್ಕ್‌ಶಾಪಿಗೆ ಹೋಗಾನ ಬಾ. ಎತ್ತರ ಮಾಡಿಸ್ತೀನಿ. ನೀನೂ ಮಗೂನೂ ಹಿಂದೆ ಕೂತ್ರೆ ಅಳತೆ ಸರಿ ಸಿಕ್ತದೆ."

"ನಾನ್ ಬರಲ್ಲ," ಅಂದೆ. "ಅಲ್ಲೈತಲ್ಲ ಮೂಟೆ, ಅದನ್ನೇ ಕೂರಿಸ್ಕೊಂಡೋಗಿ. ಅವತ್ತು ಅದೇ ತಾನೆ ಕಾರಲ್ಲಿ ಬಂದಿದ್ದು."

ಚುಚ್ಚಲಿ ಎಂದೇ ಅಂದ ಮಾತು. ಅವರು ಮೂಟೆಯನ್ನು ಹೆಗಲಿಗೆ ಹಾಕಿಕೊಂಡು ನಿಜಕ್ಕೂ ಹೊರಟುಹೋದರು.

ಸಂಜೆ ಬಂದಾಗ ಬೀದಿಯ ಉಬ್ಬಿನಲ್ಲಿ ಸದ್ದೇ ಇರಲಿಲ್ಲ. ಕಾರು ಹಳೆಯ ಎತ್ತರಕ್ಕೆ ಬಂದಿತ್ತು, ಚಂದವೂ ಅಷ್ಟಕ್ಕಷ್ಟೆ. ಮೂಟೆಯನ್ನು ಎತ್ತಲಾರದೆ ನೆಲದ ಮೇಲೆ ಎಳೆದುಕೊಂಡು ಒಳಗೆ ತಂದರು. ಬಾಯಿ ಕಟ್ಟಲಾಗದಷ್ಟು ತುಂಬಿತ್ತು.

"ತೂಕ ಸಾಲ್ಲಿಲ್ಲ," ಅಂದರು. "ಕಾಳಿನ ಮಂಡೀಲಿ ರಾಗಿ ತಗೊಂಡು ಸುರಿಸ್ದೆ. ನಿಂದು, ಮಗೂದು. ಮಗು ಬೆಳೀತದಲ್ಲ, ಅದಕ್ಕೂ ಒಂದಿಷ್ಟು ಮೇಲೆ ಹಾಕ್ಸ್ದೆ. ಅತ್ತೆ ಹೆಂಗೂ ಮುಂದೆ ಕೂರಲ್ಲ, ಅದಕ್ಕೇ ಅವರ ಬದ್ಲು ವರ್ಕ್‌ಶಾಪಿನೋರೊಬ್ರನ್ನ ಹಿಂದೆ ಮಡ್ಚಿ ಕೂರಿಸಿದ್ದೆ."

ನಾನು ಮೂಟೆಯೊಳಗೆ ಕೈ ಹಾಕಿದೆ. ಮೇಲಿನದು ಅಂಗಡಿಯ ರಾಗಿ, ಕೆಂಪು ಹೆಚ್ಚು. ಮೊಣಕೈವರೆಗೆ ಇಳಿಸಿದರೂ ನಮ್ಮ ಹೊಲದ್ದೇ ಅನ್ನುವ ರಾಗಿ ಬೇರೆಯಾಗಿ ಸಿಗಲಿಲ್ಲ. ಕಾರಿನ ಕುಲುಕಾಟಕ್ಕೆ ಎರಡೂ ಬೆರೆತುಹೋಗಿದ್ದವು. ಎಷ್ಟೋ ದಿನದಿಂದ ಹಿಡಿದಿಟ್ಟಿದ್ದ ಅಳು ಆಗ ಬಂತು. ಸಂತೋಷವೇ ಅಂದರೆ ಅಲ್ಲ, ಸಿಟ್ಟೂ ಇತ್ತು. ನನ್ನ ಗಡುವನ್ನು ಈ ಮನುಷ್ಯ ಏನೂ ಗೊತ್ತಿಲ್ಲದೆ ಕಲಸಿಬಿಟ್ಟಿದ್ದರು. ತಮ್ಮ ಕೈಯ ರಬ್ಬರಿನ ವಾಸನೆಗೆ ನನ್ನ ಕಣ್ಣಲ್ಲಿ ನೀರು ಬಂತೇನೋ ಎಂದುಕೊಂಡು ಅವರು ಕೈ ತೊಳೆಯಲು ಹೋದರು.

ಆ ವಾರ ಅಮ್ಮ ಫೋನು ಮಾಡಿದಳು. "ರಾಗಿ ಎಷ್ಟೈತೆ ಮಗ?"

"ಮೂಟೆ ತುಂಬ ಐತೆ ಕಣಮ್ಮ."

ಅಮ್ಮ ಮೆಲ್ಲಗೆ, "ನೀನು ಉಣ್ತಾ ಇದ್ದೀಯೋ ಇಲ್ವೋ?" ಅಂದಳು.