ಊಟದ ಮೇಜಿನಲ್ಲಿ ದೊಡ್ಡ ಸ್ವಾಮಿಯ ಕಥೆ

ಚಾಮರಾಜಪೇಟೆಯ ಆ ಕಾನ್ವೆಂಟಿನಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಯಾರೂ ಮಾತಾಡುವಂತಿಲ್ಲ. ಒಬ್ಬರು ನಿಂತು ಓದುತ್ತಾರೆ, ಉಳಿದವರು ಕೇಳುತ್ತಾ ಉಣ್ಣುತ್ತಾರೆ. ತಪ್ಪಾದರೆ ಮದರ್ ತಮ್ಮ ತಟ್ಟೆಯ ಪಕ್ಕದ ಪುಟ್ಟ ಗಂಟೆಯನ್ನು ಒಮ್ಮೆ ಬಾರಿಸುತ್ತಾರೆ. ತಪ್ಪೇನೆಂದು ಹೇಳುವುದಿಲ್ಲ. ಓದುವವರೇ ಹುಡುಕಿ, ತಿದ್ದಿ, ಮತ್ತೆ ಓದಬೇಕು.

ನಾನು ಅವರ ಧರ್ಮದವಳಲ್ಲ. ನಮ್ಮಮ್ಮ ಕಲಾಸಿಪಾಳ್ಯದಲ್ಲಿ ಸೊಪ್ಪು ಮಾರುತ್ತಿದ್ದಳು. ಈ ಸಿಸ್ಟರ್‌ಗಳ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎ. ಮಾಡಿದೆ, ಆಮೇಲೆ ಎಂ.ಎ. ನಮ್ಮ ವಂಶದಲ್ಲಿ ಡಿಗ್ರಿ ಕಂಡ ಮೊದಲನೆಯವಳು ನಾನು. ಹೇಳಿಕೊಳ್ಳಲು ಸಂಕೋಚವಿಲ್ಲ, ಯಾರೂ ಪುಕ್ಕಟೆ ಕೊಟ್ಟದ್ದಲ್ಲ ಅದು. ಈಗ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಹೋದ ವರ್ಷ ಮದರ್ ಕರೆಸಿ, ತಮ್ಮ ಸಿಸ್ಟರ್‌ಗಳ ಸಭೆಯನ್ನು ಕಟ್ಟಿದ ಪಾದ್ರಿಯ ಜೀವನ ಬರೆದುಕೊಡು ಎಂದರು. ಹಳೆಯ ಪತ್ರಗಳ ಪೆಟ್ಟಿಗೆಯೊಂದನ್ನೂ ಕೊಟ್ಟರು.

ದೂರದೇಶದಿಂದ ಹಡಗಿನಲ್ಲಿ ಬಂದು, ಕನ್ನಡ ಕಲಿತು, ರೋಗಿಗಳ ಆರೈಕೆಗೆಂದು ನಾಲ್ಕು ಹೆಣ್ಣುಮಕ್ಕಳನ್ನು ಒಂದು ಹೆಂಚಿನ ಮನೆಯಲ್ಲಿ ಸೇರಿಸಿದವರು ಅವರು. ಸಿಸ್ಟರ್‌ಗಳ ಬಾಯಲ್ಲಿ ದೊಡ್ಡ ಸ್ವಾಮಿ. ಬರೆದದ್ದನ್ನು ದಿನಕ್ಕೊಂದು ಅಧ್ಯಾಯದಂತೆ ನಾನೇ ಊಟದ ಹೊತ್ತಿಗೆ ಓದಬೇಕು, ಮೇಜಿನಲ್ಲಿ ಪಾಸಾದದ್ದು ಮಾತ್ರ ಸುಲ್ತಾನ್‌ಪೇಟೆಯ ಪ್ರೆಸ್ಸಿಗೆ. ಅದು ಕರಾರು.

ಹತ್ತು ಅಧ್ಯಾಯ ಗಂಟೆಯಿಲ್ಲದೆ ದಾಟಿದವು. ಅಡುಗೆಮನೆಯ ಸಿಸ್ಟರ್ ಪಾತ್ರೆ ಎತ್ತುತ್ತಾ ಕಿಚಾಯಿಸಿದರು: "ಏನ್ ಪಂಡಿತ್ರೇ, ಇವತ್ತೂ ಗಂಟೆ ಇಲ್ವಾ? ನಾನು ಓದಿದ್ರೆ ಐಸ್‌ಕ್ರೀಮ್ ಗಾಡಿ ಬಂದಂಗೆ ಬಾರಿಸ್ತಾರೆ." ನಾನು ಬೀಗಿದೆ.

ಹನ್ನೊಂದನೆಯದರಲ್ಲಿ ಬಿಷಪ್ ದೊಡ್ಡ ಸ್ವಾಮಿಯನ್ನು ಅವರೇ ಕಟ್ಟಿದ ಮನೆಯಿಂದ ಬಿಡಿಸುತ್ತಾರೆ. ಇನ್ನು ಆ ಸಿಸ್ಟರ್‌ಗಳ ಬಳಿ ಹೋಗಕೂಡದೆಂದು ಆದೇಶ. ನಾನು ಓದಿದೆ: ಈ ಆದೇಶವನ್ನು ದೊಡ್ಡ ಸ್ವಾಮಿಯವರು ಸಂತೋಷದಿಂದ ಒಪ್ಪಿಕೊಂಡರು.

ಗಂಟೆ ಬಿತ್ತು.

ನಿಧಾನವಾಗಿ ಮತ್ತೆ ಓದಿದೆ. ಮತ್ತೆ ಗಂಟೆ. ಮಾರ್ಕೆಟ್ ಕನ್ನಡ ಎಂದು ಕಾಲೇಜಿನಲ್ಲಿ ನಕ್ಕವರೆಲ್ಲ ಕಣ್ಣಮುಂದೆ ಬಂದರು. ಮೂರನೆಯ ಸಲ ಒಂದೊಂದೇ ಅಕ್ಷರ ಬಿಡಿಸಿ ಓದಿದೆ. ಗಂಟೆ. ಏಳು ಸಿಸ್ಟರ್‌ಗಳೂ ಕೈಯಲ್ಲಿ ತುತ್ತು ಹಿಡಿದು ಕೂತಿದ್ದರು. ನಾನು ಫೈಲು ಮುಚ್ಚಿ ಹೊರಗೆ ನಡೆದೆ. ವರಾಂಡದಲ್ಲಿ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಗೇಟಿನವರೆಗೆ ಹೋಗಿ ಎರಡು ಸಲ ವಾಪಸು ಬಂದೆ.

ಊಟ ಮುಗಿಸಿ ಮದರ್ ಕೋಲೂರಿಕೊಂಡು ಬಂದರು. ಎಂಬತ್ತು ದಾಟಿದವರು.

"ಉಚ್ಚಾರಣೆ ತಪ್ಪಿತ್ತಾ ಮದರ್?"

"ನಿನ್ನ ಉಚ್ಚಾರಣೆಗೇನಾಗಿದೆ? ಸಂತೋಷದಿಂದ ಅಂತ ನಿಂಗ್ಯಾರಮ್ಮ ಹೇಳಿದ್ರು?"

ನಾನು ಫೈಲು ತೆರೆದು ಆ ಸಾಲು ಹುಡುಕಿದೆ.

"ನಂಗೆ ಪಾಠ ಹೇಳಿದ ಸಿಸ್ಟರ್ ದೊಡ್ಡ ಸ್ವಾಮಿಗೆ ಬುತ್ತಿ ಕಳಿಸ್ತಿದ್ದೋರು. ಆದೇಶ ಬಂದ ವಾರವೆಲ್ಲ ಬುತ್ತಿ ಹಂಗಂಗೇ ವಾಪಸ್ ಬರ್ತಿತ್ತಂತೆ. ಪೆಟ್ಟಿಗೇಲಿ ಸ್ವಾಮಿಯವ್ರದ್ದೊಂದು ಪತ್ರ ಇತ್ತಲ್ಲ?"

ಇತ್ತು. ಓದಿದ್ದೆ. ಓದಿ, ಮಡಿಸಿ, ತಳದಲ್ಲಿಟ್ಟಿದ್ದೆ. "ನಿಮ್ಮನೆ ಅನ್ನ ತಿಂದೋಳು ನಾನು. ನಿಮ್ಮನೆ ಹುಳುಕು ಊರಿಗೆಲ್ಲ ಹೇಳೋದು ಬೇಡ ಅನ್ನಿಸ್ತು."

"ಸಿಟ್ಟು ಬಂದ್ರೆ ಹುಳುಕಾ? ನಂಗೆ ಬೆಳಗಿಂದ ಮೂರು ಸಲ ಬಂದಿದೆ, ನಾಲ್ಕನೇದು ನಿನ್ನಿಂದ." ಕೋಲು ಕುಟ್ಟಿಕೊಂಡು ಒಳಗೆ ಹೋದರು.

ಮರುದಿನ ಆ ವಾಕ್ಯ ಕಿತ್ತುಹಾಕಿ ಪತ್ರವನ್ನೇ ಓದಿದೆ. "ಸಹಿ ಹಾಕಿದ್ದೇನೆ, ಒಪ್ಪಿಲ್ಲ. ಪ್ರಾರ್ಥನೆಗೆ ಕೂತರೆ ಎದ್ದುಬಿಡುತ್ತೇನೆ. ಆ ಹೆಣ್ಣುಮಕ್ಕಳ ಅಡುಗೆಮನೆಯ ಹೊಗೆ ನನ್ನ ಕಿಟಕಿಗೆ ಕಾಣುತ್ತದೆ. ದಿನಕ್ಕೆ ಎಷ್ಟು ಸಲ ಕಿಟಕಿ ಮುಚ್ಚಲಿ?"

ಗಂಟೆ ಬೀಳಲಿಲ್ಲ. ಯಾರೂ ಉಣ್ಣಲೂ ಇಲ್ಲ. ತುದಿಯಲ್ಲಿ ಕೂತಿದ್ದ ಕಿವಿ ಮಂದದ ಸಿಸ್ಟರ್ ಮೌನ ಮರೆತು, "ಅಯ್ಯೋ ಪಾಪ, ಸ್ವಾಮಿ ವಾಪಸ್ ಬಂದ್ರಾ?" ಎಂದು ಗಟ್ಟಿಯಾಗಿ ಕೇಳಿಬಿಟ್ಟರು. ಬಂದಿರಲಿಲ್ಲ. ಮದರ್ ತಲೆಯಾಡಿಸಿ, ಅನ್ನಕ್ಕೆ ಸಾರು ಹಾಕಿಕೊಂಡರು. ಅಧ್ಯಾಯ ಪಾಸಾಯಿತು.

ನಿರಾಳವಾಗಬೇಕಿತ್ತು. ಅಂದು ಸಂಜೆ ಪ್ರೆಸ್ಸಿಗೆ ಕೊಡಲು ಫೈಲು ಜೋಡಿಸುವಾಗ ಮೊದಲ ಅಧ್ಯಾಯ ಕಣ್ಣಿಗೆ ಬಿತ್ತು: ತಾಯಿಗೆ ಕೈಮುಗಿದು ನಗುನಗುತ್ತಾ ಹಡಗು ಹತ್ತಿದರು. ಯಾವ ಪತ್ರದಲ್ಲೂ ಹಡಗು ಹತ್ತಿದ ದಿನದ ಸುದ್ದಿಯೇ ಇಲ್ಲ. ಅದನ್ನು ಓದಿದ ದಿನ ಗಂಟೆ ಬೀಳದಿದ್ದದ್ದು ಅದು ನಿಜವೆಂದಲ್ಲ, ಆ ಮೇಜಿನಲ್ಲಿ ಯಾರಿಗೂ ಗೊತ್ತಿರಲಿಲ್ಲವೆಂದು.

ಪ್ರೆಸ್ಸಿಗೆ ಫೋನ್ ಮಾಡಿದೆ. "ಸ್ವಲ್ಪ ದಿನ ತಡೀರಿ."

"ಮೇಡಂ, ಮದುವೆ ಸೀಸನ್ನು. ಕಾರ್ಡು ಕೆಲ್ಸ ಶುರುವಾದ್ರೆ ನಿಮ್ ಸ್ವಾಮಿಗೆ ಮೆಷಿನ್ ಸಿಗಲ್ಲ ನೋಡಿ."

"ಸಿಗ್ದಿದ್ರೆ ಬೇಡ ಬಿಡಿ" ಎಂದು, ಕೆಂಪು ಪೆನ್ನು ಹುಡುಕಿ ಮೊದಲ ಪುಟದಿಂದ ಕೂತೆ. ಹತ್ತು ಅಧ್ಯಾಯಗಳಲ್ಲಿ ಆ ಮನುಷ್ಯನನ್ನು ಇನ್ನೂ ಎಲ್ಲೆಲ್ಲಿ ನಗಿಸಿದ್ದೆನೋ.