ಇಳಿಯುವುದನ್ನು ಕಲಿಸಿದ ವೈನಿ

ನಮ್ಮ ವೈನಿಯ ಎಡಗಡೆ ಕೊರಳಿನಿಂದ ಹೆಗಲಿಗೆ ಹೋಗುವ ಎಲುಬು ನಡುವೆ ಮುರಿದು, ಮತ್ತೆ ಕೂಡುವಾಗ ಒಂದರ ಮೇಲೊಂದು ಏರಿ ಕೂತಿತ್ತು. ಕುಪ್ಪಸದ ಅಂಚಿನಲ್ಲಿ ಆ ಗಂಟು ಎದ್ದು ಕಾಣುತ್ತಿತ್ತು. ಅಣ್ಣನಿಗೆ ಹೆಣ್ಣು ನೋಡಲೆಂದು ಬಾಗೇವಾಡಿಯಿಂದ ಸಿಂದಗಿಗೆ ಹೋದಾಗ ಅವ್ವನ ಕಣ್ಣು ಮೊದಲು ಬಿದ್ದದ್ದು ಅದರ ಮೇಲೆಯೇ. "ಇದೇನಾತವಾ?" ಎಂದು ಕೇಳಿದಳು. ಹುಡುಗಿಯ ಮನೆಯ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಹಾದ ತಾಟು ಹಿಡಿದು ನಿಂತಿದ್ದ ವೈನಿಯೇ ಉತ್ತರ ಕೊಟ್ಟಳು. "ಸೈಕಲ್ ಮ್ಯಾಲಿಂದ ಬಿದ್ದಿದ್ನಿರಿ." ಶಾಲೆಗೆ ಹೋಗುವಾಗ ಬಿದ್ದಿರಬೇಕೆಂದು ಅವ್ವ ಸುಮ್ಮನಾದಳು.

ಆಕೆ ವಿಜಯಪುರದ ಕ್ರೀಡಾ ಹಾಸ್ಟೆಲಿನಲ್ಲಿದ್ದು ಸೈಕಲ್ ರೇಸಿಗೆ ಹೋಗುತ್ತಿದ್ದಳು, ಅದೂ ರಸ್ತೆಯ ಮೇಲಲ್ಲ, ಗುಡ್ಡದ ತುದಿಯಿಂದ ಕಲ್ಲುದಾರಿಯಲ್ಲಿ ಕೆಳಗಿಳಿಯುವ ರೇಸಿಗೆ ಎಂಬುದು ನಮಗೆ ಗೊತ್ತಾದದ್ದು ಮದುವೆಯಾಗಿ ವರ್ಷವಾದ ಮೇಲೆ. ಆದರೆ ಗುರುತು ಹಿಡಿಯುವವರಿಗೆ ಮೊದಲೇ ಗೊತ್ತಾಗಬೇಕಿತ್ತು. ಬಸ್ಸಿನಲ್ಲಿ ಕೂತಾಗ ಹೊರಗೆ ಯಾವುದಾದರೂ ದಿನ್ನೆ ಕಂಡರೆ ಆಕೆಯ ತೋರುಬೆರಳು ಕಿಟಕಿಯ ಗಾಜಿನ ಮೇಲೆ ತಾನಾಗಿ ಆಡುತ್ತಿತ್ತು. ಮೇಲಿನಿಂದ ಕೆಳಗಿನವರೆಗೆ ಒಂದು ಗೆರೆ, ಕಲ್ಲು ಬಂದಲ್ಲಿ ಒಂದು ಸುತ್ತು. "ಏನ್ ಮಾಡಾಕತ್ತೀರಿ ವೈನಿ?" ಎಂದರೆ, "ಏನಿಲ್ಲ, ದಾರಿ ನೋಡಾಕತ್ತೇನಿ" ಎನ್ನುತ್ತಿದ್ದಳು.

ನಾನೂ ಕಾಲೇಜಿನಲ್ಲಿ ಸೈಕಲ್ ರೇಸಿಗೆ ಹೋಗುತ್ತಿದ್ದೆ. ನಮ್ಮ ಕಡೆ ಅದು ದೊಡ್ಡ ಮಾತಲ್ಲ. ಊರೂರಿನಲ್ಲೂ ಸೈಕಲ್ ತುಳಿಯುವ ಹುಡುಗಿಯರಿದ್ದಾರೆ. ಸಪಾಟು ರಸ್ತೆಯಲ್ಲಿ ನನ್ನನ್ನು ಹಿಡಿಯುವವರು ಕಡಿಮೆ. ಆದರೆ ಒಮ್ಮೆ ಕಾಲುವೆಯ ಇಳಿಜಾರಿನಲ್ಲಿ ಮುಂದಿನ ಬ್ರೇಕು ಗಟ್ಟಿಯಾಗಿ ಹಿಡಿದು, ಸೈಕಲ್ಲಿನ ಮೇಲಿಂದ ಹಾರಿ ಮುಖ ಅಡಿಯಾಗಿ ಬಿದ್ದೆ. ಗಾಯ ಮಾಯಿತು. ಹೆದರಿಕೆ ಮಾಯಲಿಲ್ಲ. ಅಂದಿನಿಂದ ಸಣ್ಣ ಇಳಿಜಾರು ಬಂದರೂ ಇಳಿದು, ಸೈಕಲ್ ದೂಡಿಕೊಂಡು ನಡೆಯುತ್ತಿದ್ದೆ. ಒಂದು ದಿನ ಹಾಗೆ ಬರುವುದನ್ನು ಎಮ್ಮೆಗೆ ನೀರು ಕುಡಿಸುತ್ತಿದ್ದ ವೈನಿ ನೋಡಿದಳು. ಏನೂ ಕೇಳಲಿಲ್ಲ. ಮರುದಿನ ಹಿತ್ತಲಿನಲ್ಲಿ ಎರಡು ಇಟ್ಟಂಗಿ ಇಟ್ಟು, ಅವುಗಳ ಮೇಲೊಂದು ಹಲಗೆ ಹಾಕಿ, "ಬಾ ತಂಗಿ, ಇದರ ಮ್ಯಾಲಿಂದ ಇಳಿ" ಎಂದಳು.

ಹಲಗೆಯ ಎತ್ತರ ಒಂದು ಗೇಣೂ ಇರಲಿಲ್ಲ. ಅದನ್ನೇ ಒಂದು ತಿಂಗಳು ಮಾಡಿಸಿದಳು. ಸೀಟಿನ ಮೇಲೆ ಕೂಡಬಾರದು, ಪೆಡಲಿನ ಮೇಲೆ ನಿಲ್ಲಬೇಕು, ಎರಡೂ ಪೆಡಲು ಸಮವಿರಬೇಕು. ಬ್ರೇಕಿನ ಮೇಲೆ ಒಂದೇ ಬೆರಳು. ನಾನು ಕೈ ಬಿಗಿ ಹಿಡಿದರೆ ಮೊಳಕೈಗೆ ತಟ್ಟುತ್ತಿದ್ದಳು. "ರೊಟ್ಟಿ ಬಡಿವಾಗ ಮೊಳಕೈ ಹಿಂಗ ಸೆಟಿಸಿ ಹಿಡಿತಿ ಏನು? ಹಿಡದ್ರ ರೊಟ್ಟಿ ಹರಿತೈತಿ. ಸಡಿಲ ಬಿಡು, ಗಾಲಿ ತನ್ನ ಕೆಲಸ ತಾ ಮಾಡ್ತೈತಿ." ಹಿತ್ತಲಿನಲ್ಲಿ ಕಲ್ಲು ಹರವಿ ಅವುಗಳ ನಡುವೆ ಬಿಡಿಸಿದಾಗ ನಾನು ಪ್ರತಿ ಸಲ ದೊಡ್ಡ ಕಲ್ಲಿಗೇ ಹೋಗಿ ಬಡಿಯುತ್ತಿದ್ದೆ. "ಕಲ್ಲು ನೋಡಿದ್ರ ಕಲ್ಲಿಗೇ ಹೋಗ್ತಿ. ಅದರ ಬಾಜೂಕ ದಾರಿ ಐತಲ್ಲ, ಅದನ್ನ ನೋಡು" ಎನ್ನುತ್ತಿದ್ದಳು.

ಆಮೇಲೆ ನಿಡಗುಂದಿ ದಾಟಿ ಮುದ್ದೇಬಿಹಾಳದ ಕಡೆಗೆ ಹೋಗುವಾಗ ಸಿಗುವ ಒಂದು ಕಲ್ಲುಗುಡ್ಡಕ್ಕೆ ಭಾನುವಾರ ಹೋಗಿಬರುವುದು ಶುರುವಾಯಿತು. ನಾಲ್ಕಾರು ಹೆಂಗಸರು ಜೊತೆಗೂಡಿದರು. ಅವರಲ್ಲಿ ಒಬ್ಬರು ನಮ್ಮ ಓಣಿಯ ಅಂಗನವಾಡಿ ಟೀಚರ್. ನಲವತ್ತರ ಹತ್ತಿರದ ವಯಸ್ಸು, ಎಲ್ಲಕ್ಕೂ ನಗುವವರು, ಇಳಿಜಾರು ಕಂಡರೆ ಮಾತ್ರ ಮಾತು ನಿಲ್ಲುತ್ತಿತ್ತು. ವೈನಿಯದು ಮೂರು ಕಟ್ಟಪ್ಪಣೆ. ಯಾರಾದರೂ "ಇವತ್ತ ಬ್ಯಾಡ" ಅಂದರೆ ಯಾಕೆ ಅಂತ ಯಾರೂ ಕೇಳಬಾರದು. ದೂಡಿಕೊಂಡು ಇಳಿಯುವವರನ್ನು ನೋಡಿ ನಗಬಾರದು. ಮೊದಲು ದಾರಿಯನ್ನು ಕಾಲಿನಲ್ಲಿ ನಡೆಯಬೇಕು, ಆಮೇಲೆ ಸೈಕಲ್ ಹತ್ತಬೇಕು.

ಆ ಗುಡ್ಡದ ನಡುವೆ ದಾರಿಗೆ ಅಡ್ಡಲಾಗಿ ಒಂದು ಬಂಡೆಯಿತ್ತು. ಅದರ ಅಂಚಿನಿಂದ ಕೆಳಗೆ ಸೊಂಟದೆತ್ತರ ಇಳಿತ, ಇಳಿದ ಕೂಡಲೇ ಬಲಕ್ಕೆ ಹೊರಳು, ಹೊರಳಿನ ಆಚೆ ಜಾಲಿಮುಳ್ಳಿನ ಕಮರಿ. ಎಡಕ್ಕೆ ಸುತ್ತಿ ಬರಲು ಕಾಲುದಾರಿಯೂ ಇತ್ತು. ನಾವೆಲ್ಲ ಸುತ್ತಿಯೇ ಬರುತ್ತಿದ್ದೆವು. ವೈನಿಯೂ ಸುತ್ತಿಯೇ ಬರುತ್ತಿದ್ದಳು.

ಗುಡ್ಡ ಇಳಿಯುವ ರೇಸಿನ ಜಿಲ್ಲಾ ತಂಡದ ಆಯ್ಕೆ ಅದೇ ಗುಡ್ಡದಲ್ಲಿ ನಡೆಯಿತು. ನಾನೂ ಹೆಸರು ಕೊಟ್ಟಿದ್ದೆ. ನನಗಿಂತ ಮುಂಚೆ ಹೋದ ಇಂಡಿ ಕಡೆಯ ಹುಡುಗಿ ಬಂಡೆಯ ಅಂಚಿನಲ್ಲಿ ಬ್ರೇಕು ಹಿಡಿದು ಮಗುಚಿದಳು. ಆಕೆಯನ್ನು ಹಲಗೆಯ ಮೇಲೆ ಮಲಗಿಸಿ ಇಳಿಸುವವರೆಗೆ ನಾನು ಮೇಲೆ ಕಾಯುತ್ತ ನಿಂತಿದ್ದೆ. ಆಕೆ ಅಳುವುದು ಕೇಳುತ್ತಿತ್ತು. ನನ್ನ ಸರದಿ ಬಂತು. ಬಂಡೆಯ ಬಳಿ ಬರುವ ಹೊತ್ತಿಗೆ ಎರಡೂ ಬದಿಯ ಜನ ಕೂಗತೊಡಗಿದರು. "ಹಾರು, ಹಾರು." ಸೀಟಿ ಹಿಡಿದ ತರಬೇತುದಾರರೊಬ್ಬರು, "ನಿಂತ್ರ ಹೋದಿ, ಕಣ್ ಮುಚ್ಚಿ ಬಿಡು" ಎಂದು ಅರಚಿದರು. ಜನರ ನಡುವೆ ವೈನಿ ಕಂಡಳು. ಆಕೆಯ ಬಾಯಿ ಮುಚ್ಚಿತ್ತು. ಆಮೇಲೆ ನನಗೆ ಕಲ್ಲಿನ ಅಂಚು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ನಾನು ಸೈಕಲ್ಲಿನಿಂದ ಇಳಿದೆ, ಅದನ್ನು ಹೆಗಲಿಗೇರಿಸಿ ಎಡಗಡೆಯ ಕಾಲುದಾರಿ ಹಿಡಿದೆ.

ಆಯ್ಕೆಯಾಗಲಿಲ್ಲ. ಅಣ್ಣ ಟೆಂಪೋದಲ್ಲಿ ಸೈಕಲ್ ಹೇರಿಕೊಂಡು ನಮ್ಮನ್ನು ವಾಪಸು ಕರೆತರುತ್ತಿದ್ದ. ಅರ್ಧ ದಾರಿ ಬಂದ ಮೇಲೆ ಅಂದ. "ಇಷ್ಟ ದಿನ ಕಲ್ತದ್ದು ಇದನ್ನ ಏನು? ಎಲ್ಲಾರ ಮುಂದ ಸೈಕಲ್ ಹೊತಗೊಂಡು ಹೋಗೂದು?"

ವೈನಿ ಹಿಂದಿನಿಂದ ಹೇಳಿದಳು. "ಹೌದ್ರಿ. ನಾ ಕಲಿಸಿದ್ದು ಅದನ್ನ."

ಆಮೇಲೆ ಮುಂದುವರಿಸಿದಳು. ದನಿ ಏರಿರಲಿಲ್ಲ. "ನನಗೂ ಹಿಂಗ ಹಾರು ಅಂದಿದ್ರು. ಆಗ ನಂದು ಇಕಿ ವಯಸ್ಸು. ನನಗ ಆಗಂಗಿಲ್ಲ ಅಂತ ಕಾಲಿಗೆ ಗೊತ್ತಿತ್ತು, ಕೈಗೆ ಗೊತ್ತಿತ್ತು. ಬಾಯಿ ಬಿಟ್ಟು ಬ್ಯಾಡ ಅನ್ನಾಕ ಆಗಲಿಲ್ಲ. ಕಣ್ ಮುಚ್ಚಿ ಹಾರಿದೆ. ಮುಂದ ದವಾಖಾನಿ, ಮುಂದ ಮನಿ, ಮುಂದ ಲಗ್ನ. ಯಾರೂ ನನ್ನ ಕೇಳಲಿಲ್ಲ, ನೀ ತಯಾರ ಅದೀಯೇನವಾ ಅಂತ." ಆಮೇಲೆ, "ಇಕಿಗೆ ಬ್ಯಾಡ ಅನ್ನಾಕ ಬಂತು. ನನಗ ಅಷ್ಟು ಸಾಕು" ಎಂದಳು.

ಅಷ್ಟು ವರ್ಷ ಸಂಸಾರ ಮಾಡಿ ಎರಡು ಮಕ್ಕಳ ತಂದೆಯಾಗಿದ್ದ ಅಣ್ಣನಿಗೆ ಆ ಎಲುಬಿನ ಕತೆ ಗೊತ್ತಾದದ್ದು ಆ ದಿನ. ಊರು ಮುಟ್ಟುವವರೆಗೆ ಅವನು ಗಾಡಿಯನ್ನು ಬಹಳ ನಿಧಾನ ನಡೆಸಿದ.

ಆದರೆ ನನ್ನ ಒಳಗೆ ಒಂದು ಪ್ರಶ್ನೆ ಕೂತಿತು. ಮುಂದೊಂದು ಭಾನುವಾರ ಬಂಡೆಯ ಮೇಲೆ ನಿಂತು ಕೇಳಿಯೇ ಬಿಟ್ಟೆ. "ವೈನಿ, ಬ್ಯಾಡ ಅನ್ನೂದು ಬಂತು. ಹೂಂ ಅನ್ನೂದು ಯಾವಾಗ ಬರ್ತೈತ್ರಿ?" ವೈನಿಯ ತೋರುಬೆರಳು ಅಂಚಿನಿಂದ ಕೆಳಗಿನ ಹೊರಳಿನವರೆಗೆ ಗಾಳಿಯಲ್ಲಿ ಒಂದು ಗೆರೆ ಎಳೆಯಿತು.

ಹಿತ್ತಲಿನ ಹಲಗೆ ಮತ್ತೆ ಬಂತು. ಈ ಸಲ ಇಟ್ಟಂಗಿಗಳ ಸಾಲು ವಾರ ವಾರ ಏರಿತು. ಮೊಣಕಾಲೆತ್ತರ, ತೊಡೆಯೆತ್ತರ. ನಾನು ಇಳಿದ ಮೇಲೆ ವೈನಿಯೂ ಇಳಿಯುತ್ತಿದ್ದಳು. ಆಕೆ ಸೈಕಲ್ ಹತ್ತಿದಾಗಲೆಲ್ಲ ಅವ್ವ ಒಳಗೆ ಹೋಗಿಬಿಡುತ್ತಿದ್ದಳು. ಹಲಗೆ ಸೊಂಟದೆತ್ತರ ಮುಟ್ಟಿದ ವಾರ, ಭಾನುವಾರ ನಸುಕಿನಲ್ಲಿ ವೈನಿ ನನ್ನ ಹಳೆಯ ಟ್ರ್ಯಾಕ್ ಪ್ಯಾಂಟು ತೊಟ್ಟು ಹೊರಟಾಗ ಅವ್ವ ಬಾಗಿಲಿಗೆ ಅಡ್ಡ ನಿಂತಳು.

"ಎರಡು ಮಕ್ಕಳ ತಾಯಿ ನೀ. ಬಿದ್ರ ನೋಡೋರು ಯಾರು?"

"ಬೀಳಂಗಿಲ್ಲ ಅಂತ ನಾ ಹೇಳಂಗಿಲ್ರಿ ಅತ್ತಿ. ಬೀಳಬಹುದ್ರಿ."

"ಹಂಗಾರ ಯಾಕ ಹೋಗ್ತಿ?"

"ಹೋಗಲಿಲ್ಲಂದ್ರ ಈ ಹುಡುಗಿಗೆ ಮುಂದಿಂದು ಹೇಳಾಕ ನನಗ ಬಾಯಿಲ್ರಿ."

ಅವ್ವ ಬಾಗಿಲು ಬಿಟ್ಟಳು.

ಗುಡ್ಡದ ಮೇಲೆ ಅವತ್ತು ಗಾಳಿಯಿರಲಿಲ್ಲ. ವೈನಿ ಬಂಡೆಯ ಮೇಲೆ ನಡೆದಳು, ಇಳಿದಳು, ಹೊರಳಿನವರೆಗೆ ಹೋಗಿ ನಿಂತು ತಿರುಗಿ ನೋಡಿದಳು, ಮತ್ತೆ ಹತ್ತಿದಳು. ಹೆಲ್ಮೆಟ್ಟಿನ ಪಟ್ಟಿ ಆಕೆಯ ಕೈಗೆ ಸಿಗುತ್ತಿರಲಿಲ್ಲ. ನಾನೇ ಹಾಕಿದೆ. ನನಗೆ ಆಗ ನಿಜವಾಗಿ ಭಯವಾಯಿತು. "ಬ್ಯಾಡ್ರಿ ವೈನಿ" ಎಂದೆ.

"ಯಾಕ ಅಂತ ಕೇಳಂಗಿಲ್ಲ, ನೀ ಬ್ಯಾಡಂದ್ರ ನೀ ಇಲ್ಲೇ ನಿಲ್ಲು. ನಾ ಇವತ್ತ ಹೂಂ ಅಂದೇನಿ" ಎಂದಳು. ಆಮೇಲೆ, "ಅಂಜಿಕಿ ಹೋಗಂಗಿಲ್ಲ ತಂಗಿ. ಅದನ್ನ ಹಿಂದ ಕೂಡಿಸ್ಕೊಂಡ ಇಳಿಬೇಕು. ನಾ ಮುಂದ ಹೋಗ್ತೇನಿ. ಬರೂದಾದ್ರ ನನ್ನ ಬೆನ್ನು ನೋಡ್ಕೋತ ಬಾ. ಕಲ್ಲು ನೋಡಬ್ಯಾಡ" ಎಂದಳು.

ಆಕೆ ಹೊರಟಳು. ಯೋಚನೆ ಮಾಡಲು ಸಮಯ ಸಿಗದಿರಲೆಂದು ನಾನೂ ಹಿಂದೆಯೇ ಬಿಟ್ಟೆ. ಬಂಡೆಯ ಅಂಚಿನಲ್ಲಿ ಆಕೆಯ ಬೆನ್ನು ಒಂದು ಕ್ಷಣ ಹಿಂದಕ್ಕೆ ಸರಿಯಿತು, ಮೊಣಕಾಲು ಬಾಗಿದವು, ಆಮೇಲೆ ಆಕೆ ಕಣ್ಣಿಗೆ ಕಾಣದಂತಾದಳು. ಕೆಳಗೆ ಗಾಲಿ ನೆಲ ಮುಟ್ಟಿದ ಸಪ್ಪಳ ಬಂತು. ಅದು ಬಿದ್ದ ಸಪ್ಪಳವೋ ಇಳಿದ ಸಪ್ಪಳವೋ ತಿಳಿಯುವ ಮೊದಲೇ ನನ್ನ ಮುಂದಿನ ಗಾಲಿ ಅಂಚು ದಾಟಿತ್ತು. ಕೆಳಗೆ ಏನೂ ಇಲ್ಲದ ಆ ಗಳಿಗೆ ಬಹಳ ಉದ್ದವಿತ್ತು. ಆಮೇಲೆ ಎರಡೂ ಗಾಲಿ ನೆಲಕ್ಕೆ ಬಡಿದವು, ಮೊಳಕೈ ಮಡಚಿತು, ಬಲಗಡೆಯ ಹೊರಳಿನಲ್ಲಿ ವೈನಿಯ ಬೆನ್ನು ಮತ್ತೆ ಕಂಡಿತು. ಅದರ ಹಿಂದೆಯೇ ನಾನೂ ಹೊರಳಿದೆ.

ಗುಡ್ಡದ ಬುಡದಲ್ಲಿ ವೈನಿ ಸೈಕಲ್ ನೆಲಕ್ಕೆ ಬಿಟ್ಟು ಕಲ್ಲಿನ ಮೇಲೆ ಕೂತಳು. ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಪಕ್ಕಕ್ಕೆ ತಿರುಗಿ ವಾಂತಿ ಮಾಡಿಕೊಂಡಳು. ಬಾಯಿ ಒರೆಸಿಕೊಂಡು, "ನಡಿ, ಎಮ್ಮಿ ಹಾಲು ಹಿಂಡೂದೈತಿ" ಎಂದಳು.

ಮುಂದಿನ ವರ್ಷ ನಾನು ಜಿಲ್ಲಾ ತಂಡಕ್ಕೆ ಆಯ್ಕೆಯಾದೆ. ಮೊದಲ ಸ್ಥಾನವಲ್ಲ, ಮೂರನೆಯದು. ಅದರ ಬಲದಿಂದ ಮುಂದೆ ತಾಳಿಕೋಟೆಯ ಹತ್ತಿರದ ಒಂದು ಶಾಲೆಯಲ್ಲಿ ದೈಹಿಕ ಶಿಕ್ಷಕಿಯಾದೆ. ಭಾನುವಾರ ಮಾತ್ರ ತಪ್ಪದೆ ಗುಡ್ಡಕ್ಕೆ ಬರುತ್ತಿದ್ದೆ. ಹೆಂಗಸರು ಹೆಚ್ಚಾಗಿದ್ದರು. ಒಬ್ಬೊಬ್ಬರಾಗಿ ಬಂಡೆಯನ್ನೂ ಇಳಿದಿದ್ದರು. ಉಳಿದವರು ಅಂಗನವಾಡಿ ಟೀಚರ್ ಒಬ್ಬರೇ. ವೈನಿ ಅವರನ್ನು ಎಂದೂ ಅವಸರ ಮಾಡಲಿಲ್ಲ.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ವೈನಿಗೆ ಜ್ವರ ಬಂತು. ಊರಿನ ಡಾಕ್ಟರು ಡೆಂಗಿ ಎಂದರು. ವಿಜಯಪುರಕ್ಕೆ ಒಯ್ಯುವ ಹೊತ್ತಿಗೆ ಹಲ್ಲಿನ ಸಂದಿಯಲ್ಲಿ ರಕ್ತ ಒಸರುತ್ತಿತ್ತು. ಶನಿವಾರ ನಾನು ಮಂಚದ ಪಕ್ಕ ಕೂತಿದ್ದೆ. ಆಕೆ ಕಣ್ಣು ತೆರೆದು, "ಹೊರಗ ಯಾರ ಮಾತಾಡಾಕತ್ತಾರ?" ಎಂದಳು.

"ಗುಡ್ಡದವ್ರೆಲ್ಲಾ ಬಂದಾರ್ರಿ ವೈನಿ. ನಾಳೆನೂ ಇಲ್ಲೇ ಇರ್ತಾರಂತ."

"ಇಲ್ಲೇನು ಇಳಿಜಾರ ಐತಿ?" ಎಂದಳು. ಉಸಿರು ಎಳೆದುಕೊಂಡು, "ಟೀಚರ್ ಹೋದ ವಾರ ನನಗ ಹೇಳ್ಯಾರ, ಈ ಐತವಾರ ಹೂಂ ಅಂತೇನಿ ಅಂತ. ಹೂಂ ಅಂದಾಗ ಮುಂದ ಒಬ್ರು ಇರಬೇಕು. ನೀ ಹೋಗು."

"ನಿಮ್ಮನ್ನ ಬಿಟ್ಟು ಹೋಗಂಗಿಲ್ರಿ."

"ನನ್ನ ಬಾಜೂಕ ಅತ್ತಿ ಅದಾರ. ನೀ ಹೋಗು."

ಆಕೆಯ ಮಾತನ್ನು ನಾನು ಎಂದೂ ಮೀರಿದವಳಲ್ಲ. ಆ ದಿನ ಮೀರಬೇಕಿತ್ತೋ ಏನೋ, ಇಂದಿಗೂ ತಿಳಿಯದು. ಭಾನುವಾರ ಬೆಳಿಗ್ಗೆ ನಾವೆಲ್ಲ ಬಂಡೆಯ ಮೇಲಿದ್ದೆವು. ಟೀಚರ್ ತುದಿಗೆ ಬಂದರು, ಹಿಂದೆ ಸರಿದರು, ಮತ್ತೆ ಬಂದರು. ಬಿಸಿಲೇರಿತು. ಯಾರೂ ಯಾಕೆ ಎನ್ನಲಿಲ್ಲ. ಕೊನೆಗೆ ಅವರು ನನ್ನ ಕಡೆ ನೋಡಿ ಹೂಂ ಎಂದರು. ನಾನು ಮುಂದೆ ಇಳಿದೆ. ನನ್ನ ಹಿಂದೆ ಗಾಲಿ ನೆಲಕ್ಕೆ ಬಡಿಯಿತು, ಕಲ್ಲು ಚಿಮ್ಮಿತು, ಹೊರಳಿನಲ್ಲಿ ಸೈಕಲ್ ಓಲಾಡಿತು, ಆದರೆ ಬೀಳಲಿಲ್ಲ. ಬುಡದಲ್ಲಿ ಅವರು ಅಳುತ್ತ ನಗುತ್ತಿರುವಾಗ ನಾನು ಚೀಲದಿಂದ ಫೋನು ತೆಗೆದೆ. ಅಣ್ಣ ಹಲವು ಸಲ ಕರೆ ಮಾಡಿದ್ದ.

ಕೊನೆಯ ಹೊತ್ತಿನಲ್ಲಿ ಬಳಿಯಲ್ಲಿದ್ದವಳು ಅವ್ವ. ವೈನಿಯನ್ನು ಮಣ್ಣು ಮಾಡಿ ಬಂದ ಮೇಲೆ, ಬಂದವರೆಲ್ಲ ಹೋದ ಮೇಲೆ, ಕಟ್ಟೆಯ ಮೇಲೆ ನನ್ನ ಪಕ್ಕ ಕೂತು ಹೇಳಿದಳು.

"ಎಚ್ಚರಾಗಿ ಟೈಮ್ ಎಷ್ಟಂತ ಕೇಳಿದ್ಳು. ಹೇಳಿದೆ. 'ಇಷ್ಟೊತ್ತಿಗೆ ಎಲ್ಲಾರೂ ಇಳದಿರಬೇಕಲ್ರಿ ಅತ್ತಿ' ಅಂದ್ಳು. ನನಗೇನ್ ಗೊತ್ತು, ನಿಂದು ಫೋನೂ ಬಂದಿರಲಿಲ್ಲ. ಆಕಿ ಕೈ ಹಿಡ್ಕೊಂಡೆ. ಹೂಂನವಾ ಅಂದೆ. ಎಲ್ಲಾರೂ ಇಳದಾರ, ಯಾರೂ ಬಿದ್ದಿಲ್ಲ ಅಂದೆ."