ಮೂರನೇ ತರಗತಿಯ ಹಲ್ಲು

ಮೂರನೇ ತರಗತಿಯ ಟೀಚರಿಗೆ ಇದ್ದದ್ದು ಎರಡೇ ಕೈ. ನಲವತ್ತೊಂದು ಮಕ್ಕಳ ಎಂಬತ್ತೆರಡು ಕೈಗಳು ಹತ್ತೊಂಬತ್ತು ವರ್ಷಗಳಿಂದ ಅವರ ಮುಂದೆ ಏನಾದರೊಂದನ್ನು ಚಾಚುತ್ತಲೇ ಇದ್ದವು: ಕಿತ್ತುಬಂದ ಗುಂಡಿ, ಮೊನೆ ಮುರಿದ ಪೆನ್ಸಿಲ್, ಒಮ್ಮೆ ಜೀವಂತ ಜೀರುಂಡೆ. ಹೆಂಡತಿಯ ಪಾಡು ನೋಡಲಾರದೆ ದರ್ಜಿ ಗಂಡ ಅವರಿಗೆ ಎಂಟು ಜೇಬಿನ ಕೋಟೊಂದನ್ನು ಹೊಲಿದುಕೊಟ್ಟಿದ್ದ.

ಆ ಸೋಮವಾರ ತಪಾಸಣೆ ಇತ್ತು. ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತು ಮಕ್ಕಳ ತೂಕದ ಪಟ್ಟಿ ಈಗಿಂದೀಗಲೇ ಬೇಕೆಂದರು. ಹಿಂದಿನ ಬೆಂಚಿನಲ್ಲಿ ಇಬ್ಬರು ಒಂದು ರಬ್ಬರಿಗಾಗಿ ಜುಟ್ಟು ಜುಟ್ಟು ಹಿಡಿದಿದ್ದರು. ಫೋನಿನಲ್ಲಿ ಅತ್ತೆ, "ಸಕ್ಕರೆ ಡಬ್ಬ ಎಲ್ಲಿಟ್ಟಿದೀಯೇ?" ಎನ್ನುತ್ತಿದ್ದರು.

"ಇಪ್ಪತ್ತೆರಡು ಕೇಜಿ ಅತ್ತೆ" ಎಂದ ಟೀಚರ್, ಹೆಡ್‌ಮಾಸ್ಟರ ಕಡೆ ತಿರುಗಿ, "ಒಲೆ ಪಕ್ಕದಲ್ಲೇ ಇದೆ, ಸರಿಯಾಗಿ ನೋಡಿ" ಎಂದು ಗದರಿದರು. ಪಾಪ, ಹೆಡ್‌ಮಾಸ್ಟರು ಒಮ್ಮೆ ಸುತ್ತಮುತ್ತ ನೋಡಿಯೂಬಿಟ್ಟರು.

ಇದರ ನಡುವೆ, ಎಲ್ಲರೂ ಗುಬ್ಬಿ ಎಂದು ಕರೆಯುವ ಪುಟ್ಟ ಹುಡುಗಿ ಕೋಟು ಜಗ್ಗಿದಳು. "ಮಿಸ್, ಹಲ್ಲು ಬಿತ್ತು. ಅಮ್ಮಂಗೆ ತೋರಿಸ್ಬೇಕು, ಇಟ್ಕೊಂಡಿರಿ."

ಟೀಚರ್ ಅದನ್ನು ಸಿಕ್ಕಿದ ಜೇಬಿಗೆ ಹಾಕಿಕೊಂಡರು.

ಅಷ್ಟರಲ್ಲಿ ತಪಾಸಣೆಯ ಅಧಿಕಾರಿ ಬಂದೇಬಿಟ್ಟರು. ಟೀಚರ್ ಗಡಿಬಿಡಿಯಲ್ಲಿ ಜೇಬಿಗೆ ಕೈಹಾಕಿ, ಸಿಕ್ಕ ಬಿಳಿ ಚೂರಿನಿಂದ ಬೋರ್ಡಿನ ಮೇಲೆ ಏಳರ ಮಗ್ಗಿ ಬರೆಯಹೊರಟರು. ಕೀ...ಚ್! ಇಡೀ ತರಗತಿ ಕಿವಿ ಮುಚ್ಚಿಕೊಂಡಿತು. ಅಧಿಕಾರಿಯ ಕನ್ನಡಕ ಜಾರಿ ಮೂಗಿನ ತುದಿಗೆ ಬಂತು.

"ಮಿಸ್, ಅದು ನನ್ನ ಹಲ್ಲು!" ಗುಬ್ಬಿ ಕಿರುಚಿದಳು.

ಟೀಚರಿಗೆ ಕೈಕಾಲೇ ಆಡಲಿಲ್ಲ. ಆದರೆ ಬಾಯಿಗೆ ಹತ್ತೊಂಬತ್ತು ವರ್ಷಗಳ ಅಭ್ಯಾಸವಿತ್ತಲ್ಲ, ಅದು ತಾನಾಗಿಯೇ ಮಾತಾಡಿತು. "ನೋಡಿದ್ರಾ ಮಕ್ಕಳೇ? ಹಲ್ಲು ಅಂದ್ರೆ ಎಷ್ಟು ಗಟ್ಟಿ! ಬೋರ್ಡನ್ನೇ ಗೀರುತ್ತೆ. ಅದಕ್ಕೇ ದಿನಾ ಉಜ್ಜಬೇಕು."

"ಆಹಾ!" ಎಂದ ಅಧಿಕಾರಿ, 'ನಿಜವಸ್ತುಗಳ ಮೂಲಕ ಉತ್ತಮ ಬೋಧನೆ' ಎಂದು ವರದಿಯಲ್ಲಿ ಬರೆದುಕೊಂಡರು. ಹೆಡ್‌ಮಾಸ್ಟರು ಹಿಗ್ಗಿ ಹೀರೇಕಾಯಿಯಾಗಿ, ಶಾಲೆಯ ನಿಜವಸ್ತು ಸಂಗ್ರಹದ ಹೊಣೆಯನ್ನೂ ಟೀಚರ ತಲೆಗೇ ಕಟ್ಟಿದರು.

ಮರುದಿನ ಸಂಗ್ರಹಕ್ಕೆಂದು ಮಕ್ಕಳು ತಮಗೆ ತೋಚಿದ್ದನ್ನೆಲ್ಲ ಹೊತ್ತು ತಂದರು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕರವಸ್ತ್ರ ಬಿಚ್ಚಿದಳು. ಒಳಗೆ ಪೂರ್ತಿ ಒಂದು ಹಲ್ಲುಸೆಟ್ಟು.

"ಯಾರದೇ ಇದು?"

"ತಾತಂದು ಮಿಸ್. ಮಲಗಿದ್ರು, ಕೇಳಲಿಲ್ಲ."

ಊಟದ ಗಂಟೆ ಹೊಡೆಯುವ ಹೊತ್ತಿಗೆ ತಾತ ಏದುಸಿರು ಬಿಡುತ್ತ ಬಂದರು. ಬೊಚ್ಚುಬಾಯಲ್ಲಿ ಅವರು ಬೈದದ್ದು ಒಂದಕ್ಷರವೂ ತಿಳಿಯಲಿಲ್ಲ. ಬೈಯುತ್ತಿದ್ದಾರೆಂಬುದು ಮಾತ್ರ ತಿಳಿಯಿತು. ಟೀಚರ್ ಸೆಟ್ಟನ್ನು ತೊಳೆದು ಕೊಟ್ಟರು. ತಾತ ಹಾಕಿಕೊಂಡು, ದವಡೆ ಆಡಿಸಿ, "ಸರಿಯಾಗಿ ಕೂತಿದೆಯೋ ಇಲ್ವೋ ನೋಡ್ಬೇಕಲ್ಲಮ್ಮ" ಎನ್ನುತ್ತ ಟೀಚರ ಊಟದ ಡಬ್ಬಿಯಲ್ಲಿದ್ದ ಸೌತೆಕಾಯಿಗೆ ಕೈಹಾಕಿದರು.

ಕರುಂ ಕರುಂ ಎಂದು ಎಲ್ಲಾ ಮುಗಿಸಿ, "ಪರವಾಗಿಲ್ಲ, ಕೂತಿದೆ" ಎಂದರು.

ಟೀಚರ್ ಖಾಲಿ ಡಬ್ಬಿ ಮುಚ್ಚುವಷ್ಟರಲ್ಲಿ ಯಾರೋ ಮತ್ತೆ ಕೋಟು ಜಗ್ಗಿದರು. "ಮಿಸ್, ನಾನು ಆಮೆ ತಂದಿದ್ದೆ. ಈಗ ಕಾಣ್ತಿಲ್ಲ."

ಟೀಚರ್ ಸೀರೆ ಎತ್ತಿ ಸಿಕ್ಕಿಸಿಕೊಂಡು ಬೆಂಚಿನ ಕೆಳಗೆ ಬಗ್ಗಿದರು.